ಸ್ಟುಟ್‌ಗಾರ್ಟ್‌ನಿಂದ ಅಮ್ಮನಿಗೆ: ಮಂಡಿ, ರಂಗೋಲಿ ಮತ್ತು ಕಡಪಾ ಕಲ್ಲು

ಸ್ಟುಟ್‌ಗಾರ್ಟ್
ಭಾನುವಾರ

ಅಮ್ಮನಿಗೆ ನಮಸ್ಕಾರ.

ನಾವು ಮೂವರೂ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ಸ್ವೆಟರ್ ಇದೆ, ಊಟ ಸರಿಯಾಗಿ ನಡೆಯುತ್ತಿದೆ. ಪುಟ್ಟಿಯ ಕೆಮ್ಮು ಹೋಗಿದೆ. ನೀನು ಕೇಳುವುದಕ್ಕೆ ಮೊದಲೇ ಇದಿಷ್ಟು ಹೇಳಿಬಿಟ್ಟರೆ ಮುಂದಿನ ಮಾತಿಗೆ ಹೋಗಬಹುದು.

ಅಪ್ಪನ ಕಾಗದ ಬಂತು. ಅವರು ಬರೆದದ್ದು ನಿನಗೆ ಗೊತ್ತಾಗಬಾರದಂತೆ. ಮೇಷ್ಟ್ರ ಅಭ್ಯಾಸ ನೋಡು, ಆ ಸಾಲಿಗೆ ಕೆಂಪು ಇಂಕಿನಲ್ಲಿ ಅಡಿಗೆರೆ ಬೇರೆ ಎಳೆದಿದ್ದಾರೆ. ನಾನು ಹೇಳಿಬಿಟ್ಟಿದ್ದೇನೆ. ಅವರ ಮೇಲೆ ರೇಗಬೇಡ. ರೇಗಲೇಬೇಕು ಅನ್ನಿಸಿದರೆ ಸಂಜೆ ಕಾಫಿ ಕೊಟ್ಟ ಮೇಲೆ ರೇಗು.

ಫೋನಿನಲ್ಲಿ ಈ ಮಾತು ಎತ್ತಿ ಎತ್ತಿ ಸಾಕಾಗಿದೆ. ಮಂಡಿ ಅಂದ ಕೂಡಲೇ ನೀನು ಕ್ಯಾಮೆರಾ ತಿರುಗಿಸಿ ದಾಸವಾಳದ ಗಿಡ ತೋರಿಸುತ್ತೀಯ. "ನೋಡೋ, ಎಷ್ಟು ಮೊಗ್ಗು ಬಿಟ್ಟಿದೆ" ಅನ್ನುತ್ತೀಯ. ಡಾಕ್ಟರು ಅಂದರೆ ಸಿಗ್ನಲ್ ಹೋಗುತ್ತದೆ. ತಿಪಟೂರಿನ ಸಿಗ್ನಲ್‌ಗೆ ಇಷ್ಟು ಬುದ್ಧಿ ಯಾವಾಗ ಬಂತೋ ಗೊತ್ತಿಲ್ಲ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವುದಕ್ಕೆ ಆಗಲ್ಲ, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಎಕ್ಸ್‌ರೇ ವಿಷಯ ಎಲ್ಲ ಅಪ್ಪ ಬರೆದಿದ್ದಾರೆ. ಎರಡೂ ಮಂಡಿ ಸವೆದಿವೆ, ಮೂಳೆಗೆ ಮೂಳೆ ಉಜ್ಜುತ್ತಿದೆ, ಮಂಡಿ ಬದಲಿಸುವ ಆಪರೇಷನ್ ಬಲಗಾಲಿಗೆ ಮೊದಲು ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ನೀನು ಮೊದಲು "ದಸರಾ ಕಳೀಲಿ" ಅಂದೆಯಂತೆ. ಆಮೇಲೆ ದೀಪಾವಳಿ, ಆಮೇಲೆ ತುಳಸಿ ಹಬ್ಬ. ಈಗ ಸಂಕ್ರಾಂತಿಗೆ ಹೋಗಿ ನಿಂತಿದ್ದೀಯಂತೆ. ಪಂಚಾಂಗದಲ್ಲಿ ಹಬ್ಬಕ್ಕೇನೂ ಬರ ಇಲ್ಲ ಅಂತ ಅಪ್ಪ ಬರೆದಿದ್ದಾರೆ. ಪಾಪ, ತಮಾಷೆ ಮಾಡುವುದಕ್ಕೆ ಪ್ರಯತ್ನಪಟ್ಟಿದ್ದಾರೆ. ಆದರೆ ಆ ಕಾಗದದಲ್ಲಿ ಅವರ ಅಕ್ಷರ ಮೊದಲಿನ ಹಾಗೆ ನೆಟ್ಟಗಿಲ್ಲ ಅಮ್ಮ.

ಕಾಗದದ ಕೊನೆಯಲ್ಲಿ ಇನ್ನೊಂದು ವಿಷಯ ಇತ್ತು. ನೀನು ವಿಜಯಕ್ಕನ ಹತ್ತಿರ ಹೇಳಿದ್ದಂತೆ. "ಮಂಡಿ ಮಾಡಿಸ್ಕೊಂಡ್ರೆ ಆಮೇಲೆ ಕೆಳಗೆ ಕೂತ್ಕೊಳ್ಳೋ ಹಾಗಿಲ್ಲ. ಬಾಗಿಲಿಗೆ ನಾಲ್ಕು ಎಳೆ ಎಳೆಯೋದಕ್ಕೂ ಆಗದೆ ಕುರ್ಚಿ ಮೇಲೆ ಬೊಂಬೆ ಥರ ಕೂತಿರೋದಕ್ಕೆ ನನ್ನಿಂದ ಆಗಲ್ಲ." ಇದನ್ನು ಓದಿದ ಮೇಲೆ ನನಗೆ ಬೇರೇನೂ ಓದಬೇಕು ಅನ್ನಿಸಲಿಲ್ಲ. ಭಯ ಅಂದಿದ್ದರೆ ಧೈರ್ಯ ಹೇಳಬಹುದಿತ್ತು. ದುಡ್ಡು ಅಂದಿದ್ದರೆ ಕಳಿಸಬಹುದಿತ್ತು. ಇದಕ್ಕೆ ಏನು ಹೇಳುವುದು?

"ರಂಗೋಲಿ ಒಂದು ದೊಡ್ಡ ವಿಷಯಾನಾ" ಅಂತ ಅಕ್ಕ ಫೋನಿನಲ್ಲಿ ರೇಗಿದಳು. ನನ್ನ ಕೇಳಿದರೆ ದೊಡ್ಡ ವಿಷಯವೇ. ಬೆಳಿಗ್ಗೆ ನೀರು ಹಾಕಿ, ಗುಡಿಸಿ, ಪುಡಿ ಡಬ್ಬ ಹಿಡಿದು ನೀನು ಬಾಗಿಲ ಮುಂದೆ ಕೂತರೆ ಅದು ನಿನ್ನ ಹೊತ್ತು. ಆಗ ಯಾರೂ ಕಾಫಿ ಕೇಳುವ ಹಾಗಿಲ್ಲ, ಅಪ್ಪನಿಗೆ ಪೇಪರ್ ಸಿಕ್ಕಿಲ್ಲ ಅಂತ ಕೂಗುವ ಹಾಗಿಲ್ಲ. ಶುಕ್ರವಾರದ ಪದ್ಮ ಹೋದ ಶುಕ್ರವಾರದ ಪದ್ಮ ಆಗಿರುತ್ತಿರಲಿಲ್ಲ. ದಳದ ತುದಿಯನ್ನು ಒಳಗೆ ತಿರುಗಿಸಿ ನೋಡುತ್ತಿದ್ದೆ, ಇಲ್ಲದಿದ್ದರೆ ಮೂಲೆಗೊಂದು ಗಿಣಿ ಕೂರಿಸುತ್ತಿದ್ದೆ. ಸ್ಕೂಲಿಗೆ ಹೋಗುವ ಹುಡುಗಿಯರು ನಿಂತು ನೋಡಿದರೆ ಒಳಗಿನಿಂದಲೇ ನಿನಗೆ ಗೊತ್ತಾಗುತ್ತಿತ್ತು. ಈಗ ಕೆಲಸದ ಮಂಜುಳ ಅವಸರದಲ್ಲಿ ಒಂದು ನಕ್ಷತ್ರ ಎಳೆದು ಹೋಗುತ್ತಾಳಂತೆ. ಬಾಡಿಗೆಯವರು ಬಾಗಿಲಿಗೆ ಪ್ಲಾಸ್ಟಿಕ್ ಸ್ಟಿಕ್ಕರ್ ಅಂಟಿಸಿದ್ದಾರಂತೆ. ಅದನ್ನು ನೋಡಲಾರದೆ ನೀನು ಹಿಂದಿನ ಬಾಗಿಲಲ್ಲಿ ಓಡಾಡುತ್ತಿದ್ದೀಯಂತೆ. ಅಪ್ಪ ಎಲ್ಲ ಬರೆದಿದ್ದಾರೆ.

ಸರಿ, ಈಗ ನನ್ನ ಕತೆ ಕೇಳು. ಸುಮ್ನೆ ಹೇಳುತ್ತಿಲ್ಲ, ಕೊನೆಗೆ ಮಂಡಿಗೇ ಬರುತ್ತೇನೆ.

ನಮ್ಮ ಬಿಲ್ಡಿಂಗಿನಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ವಾರಕ್ಕೊಂದು ಮನೆಯ ಪಾಳಿ. ಪಾಳಿ ಬಂದ ಮನೆಯ ಬಾಗಿಲಿಗೆ ಹಿಂದಿನ ವಾರದವರು ಒಂದು ಚಿಕ್ಕ ಹಲಗೆ ನೇತುಹಾಕಿ ಹೋಗುತ್ತಾರೆ. ಹಲಗೆ ನೇತಾಡಿತು ಅಂದರೆ ಮೆಟ್ಟಿಲು, ಕೆಳಗಿನ ನಡುಮನೆ, ರಸ್ತೆಯವರೆಗಿನ ದಾರಿ ಎಲ್ಲ ನಮ್ಮ ತಲೆಯ ಮೇಲೆ. ಹಿಮ ಬಿದ್ದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 7 ಗಂಟೆಯೊಳಗೆ ಅದನ್ನೂ ಎಳೆದು ದಾರಿ ಮಾಡಿರಬೇಕು. ಆಫೀಸಿನಲ್ಲಿ ದೊಡ್ಡ ಮ್ಯಾನೇಜರ್ ಆಗಿರಲಿ, ಯಾರೇ ಆಗಿರಲಿ, ಪೊರಕೆ ಹಿಡಿಯಲೇಬೇಕು. ಅಪ್ಪನಿಗೆ ಹೇಳು, 1492ರಷ್ಟು ಹಿಂದೆಯೇ ಈ ಊರಿನ ಕಾಯಿದೆಯಲ್ಲಿ ಜನ ವಾರವಾರ ತಮ್ಮ ಕಸ ಸಾಗಿಸಬೇಕು ಅಂತ ಬರೆದಿದ್ದರು. ಕೊಲಂಬಸ್ ಹಡಗು ಹತ್ತಿದ ವರ್ಷ. ಅವನು ಇಂಡಿಯಾ ಹುಡುಕಿಕೊಂಡು ಹೊರಟಾಗ ಇವರು ಇಲ್ಲಿ ಕಸದ ಚಿಂತೆಯಲ್ಲಿದ್ದರು. ಈಗ ವಾರದ ಪಾಳಿಗೆ ಸರ್ಕಾರದ ಕಾಯಿದೆಯೇನೂ ಇಲ್ಲ, ಬಾಡಿಗೆ ಕರಾರಿನಲ್ಲಿ ಬರೆದಿರುತ್ತಾರೆ. ಅದು ಕಾಯಿದೆಗಿಂತ ಜಾಸ್ತಿ.

ಮೊದಮೊದಲು ನನಗೆ ಉರಿಯುತ್ತಿತ್ತು. ಬೆಂಗಳೂರಿನ ಅಡುಗೋಡಿ ಆಫೀಸಿನಿಂದ ಇಷ್ಟು ದೂರ ಬಂದದ್ದು ಮೆಟ್ಟಿಲು ಒರೆಸುವುದಕ್ಕಾ ಅಂತ. ಈಗ ನಿಜ ಹೇಳುತ್ತೇನೆ, ಪಾಳಿ ಬಂದರೆ ಖುಷಿ. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಪೊರಕೆ ಹಿಡಿದರೆ ತಲೆ ಹಗುರಾಗುತ್ತದೆ. ಈ ತಿಂಗಳು ಎಲೆ ಉದುರುವ ಕಾಲ. ಮುಂದಿನ ದಾರಿ ತುಂಬ ಹಳದಿ ಎಲೆ. ಗುಡಿಸಿ ಮುಗಿಸಿ ತಿರುಗಿ ನೋಡಿದರೆ ಚೊಕ್ಕಟವಾದ ನೆಲ. ಅಷ್ಟು ಚೊಕ್ಕಟ ನೆಲ ನೋಡಿದರೆ ನಿನ್ನ ಮಗನಿಗೆ ಏನು ಅನ್ನಿಸುತ್ತದೆ ಹೇಳು?

ಹೂಂ, ರಂಗೋಲಿ ಹಾಕಿದೆ. ನಗಬೇಡ. ಅಜ್ಜಿ ಇದ್ದಿದ್ದರೆ "ಗಂಡುಹುಡುಗ ರಂಗೋಲಿ ಡಬ್ಬ ಮುಟ್ಟಬಾರದು" ಅಂತ ಕೈ ಮೇಲೆ ಹೊಡೆಯುತ್ತಿದ್ದರು. ದಸರಾ ವಾರ ನಮ್ಮ ಪಾಳಿ ಬಂದಿತ್ತು, ಅದೂ ಒಂದು ನೆಪ ಆಯಿತು.

ಪುಡಿಗೆ ಪರದಾಟ. ಊರಿಂದ ತಂದದ್ದು ಮುಗಿದಿತ್ತು. ಅಂಗಡಿಯ ಅಕ್ಕಿಹಿಟ್ಟು ತೀರಾ ನುಣುಪು, ಬೆರಳಿನಿಂದ ಜಾರುವುದೇ ಇಲ್ಲ, ಈ ಥಂಡಿಗೆ ಉಂಡೆ ಉಂಡೆಯಾಗಿ ಬೀಳುತ್ತದೆ. ಶ್ರುತಿ ರವೆ ಬೆರೆಸಿ ಕೊಟ್ಟಳು. ಅದೂ ಸರಿಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ, ನಾಯಿ ಬೆಕ್ಕಿನ ಸಾಮಾನು ಮಾರುವ ಅಂಗಡಿಯಲ್ಲಿ! ಹಕ್ಕಿ ಪಂಜರದ ತಳಕ್ಕೆ ಹಾಸುವ ಮರಳು ಅಂತ ಚೀಲದಲ್ಲಿ ಮಾರುತ್ತಾರೆ. ಬಣ್ಣ ಸ್ವಲ್ಪ ಮಂಕು, ನಡುವೆ ಕಪ್ಪೆಚಿಪ್ಪಿನ ಚೂರು ಇರುತ್ತದೆ, ಜರಡಿ ಹಿಡಿಯಬೇಕು. ಆದರೆ ಬೆರಳಿನಿಂದ ಎಷ್ಟು ಚೆನ್ನಾಗಿ ಇಳಿಯುತ್ತದೆ ಅಂತೀಯ! ನೀನು ಹೇಳುತ್ತಿದ್ದೆಯಲ್ಲ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಪುಡಿ ಹಿಡಿದು, ಕೈ ನೆಲಕ್ಕೆ ತಾಗಿಸದೆ, ಹೆಬ್ಬೆರಳನ್ನು ಮಾತ್ರ ಮುಂದಕ್ಕೆ ತಳ್ಳುತ್ತಾ ಹೋಗಬೇಕು ಅಂತ. ಹೇಳುವುದು ಸುಲಭ. ನನ್ನ ಎಳೆ ಒಂದು ಕಡೆ ದಾರದಷ್ಟು, ಒಂದು ಕಡೆ ಹಗ್ಗದಷ್ಟು. ಪುಟ್ಟಿಯದೇ ಪರವಾಗಿಲ್ಲ.

ಅವಳ ವಿಷಯ ಹೇಳಲೇಬೇಕು. ಇಲ್ಲಿ ಮಕ್ಕಳ ನೋಟ್‌ಬುಕ್ಕಿನಲ್ಲಿ ಗೆರೆಯ ಬದಲು ಚೌಕ ಚೌಕ ಇರುತ್ತದೆ, ನಮ್ಮ ಲೆಕ್ಕದ ಪುಸ್ತಕದ ಹಾಗೆ. ಅದರಲ್ಲಿ ನೇರ ಚುಕ್ಕಿ ಇಡುವುದಕ್ಕೆ ಕಷ್ಟವೇ ಇಲ್ಲ, ಗೆರೆ ಕೂಡುವ ಕಡೆಯಲ್ಲೆಲ್ಲ ಒಂದೊಂದು. ಮೇಲಿನ ಸಾಲಿನ ಎರಡು ಚುಕ್ಕಿಯ ಸಂದಿಗೆ ಇಡುವ ಸಂದು ಚುಕ್ಕಿಗೆ ಬಂದಾಗ ಸಿಕ್ಕಿಬಿದ್ದಳು. ಚುಕ್ಕಿ ಚೌಕದ ನಡುವೆ ಹೋಗಿ ಕೂರುತ್ತದೆ ಅಂತ ಅಳು. ಆಮೇಲೆ ತಾನೇ ಕಂಡುಹಿಡಿದಳು, ಒಂದು ಚೌಕದ ಬದಲು ಎರಡೆರಡು ಚೌಕಕ್ಕೆ ಒಂದು ಚುಕ್ಕಿ ಇಟ್ಟರೆ ಮುಂದಿನ ಸಾಲಿನದು ಸರಿಯಾಗಿ ನಡುವಿನ ಗೆರೆಯ ಮೇಲೆ ಬರುತ್ತದೆ. ನಾನು ಹೇಳಿಕೊಟ್ಟಿಲ್ಲ, ದೇವರಾಣೆ. ಈಗ ನಡುವೆ 7, ಆ ಕಡೆ ಈ ಕಡೆ 4ರವರೆಗೆ ಇಳಿಸಿ ಒಟ್ಟು 37 ಚುಕ್ಕಿಯ ಒಂದು ರಂಗೋಲಿ ಅವಳ ಕೈಲಿ ನೀಟಾಗಿ ಬರುತ್ತದೆ. ನಿನ್ನ 15ರಿಂದ 8ಕ್ಕೆ ಬರಬೇಕಾದರೆ ಇನ್ನೂ ದಿನ ಬೇಕು. ಅಜ್ಜಿಯ ರಂಗೋಲಿ ನೋಟ್‌ಬುಕ್ ಬೇಕು ಅಂತ ದಿನಾ ಪೀಡಿಸುತ್ತಾಳೆ. ಆ ನೀಲಿ ರಟ್ಟಿನದು, ಮೊದಲ ಪುಟದಲ್ಲಿ ಅಕ್ಕ ಚೆಲ್ಲಿದ ಕಾಫಿ ಕಲೆ ಇದೆಯಲ್ಲ, ಅದು. ಕಳಿಸಬೇಡ, ಅಂಚೆಯಲ್ಲಿ ಕಳೆದರೆ ಇನ್ನೊಂದು ಸಿಗಲ್ಲ. ಅಪ್ಪನ ಕೈಲಿ ಪುಟ ಪುಟ ಫೋಟೋ ತೆಗೆಸು.

ರಂಗೋಲಿ ಹಾಕಿದ ಮಾರನೇ ದಿನ ಮೆಟ್ಟಿಲ ಹತ್ತಿರ ಒಂದು ಚೀಟಿ ಅಂಟಿಸಿತ್ತು. ಇಲ್ಲಿ ಮುಖ ನೋಡಿ ಜಗಳ ಆಡುವುದಕ್ಕಿಂತ ಚೀಟಿ ಅಂಟಿಸುವುದು ಜಾಸ್ತಿ. "ಬಾಗಿಲ ಮುಂದೆ ಪುಡಿ ಚೆಲ್ಲಿದವರು ದಯವಿಟ್ಟು ತೆಗೆಯಿರಿ" ಅಂತ. ಹೆಸರಿಲ್ಲ. ಅದರ ಕೆಳಗೆ ಇನ್ಯಾರೋ ಪೆನ್ಸಿಲಿನಲ್ಲಿ "ಅದು ಚೆಲ್ಲಿದ್ದಲ್ಲ, ಬರೆದದ್ದು" ಅಂತ ಬರೆದಿದ್ದರು. ಅದು ಕೆಳಗಿನ ಮನೆಯ ಅಜ್ಜಿಯ ಅಕ್ಷರ. ಹಾಗಂತ ಅವರು ನಮ್ಮ ಕಡೆ ಅಂತ ತಿಳಿಯಬೇಡ. ಮುಂದಿನ ವಾರ ಅವರ ಪಾಳಿ, ಬೆಳಿಗ್ಗೆ ಎದ್ದು ಅಷ್ಟನ್ನೂ ಗುಡಿಸಿ ಹಾಕಿದರು. ಪುಟ್ಟಿ ಮುಖ ಊದಿಸಿಕೊಂಡಳು. "ನಿಮ್ಮಜ್ಜಿ ದಿನಾ ಬೆಳಿಗ್ಗೆ ತಾನು ಬರೆದದ್ದನ್ನ ತಾನೇ ಗುಡಿಸಿ ಹಾಕ್ತಾರೆ, ಒಂದು ದಿನವೂ ಬೇಜಾರು ಮಾಡ್ಕೊಂಡಿಲ್ಲ" ಅಂದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಫೋಟೋ ತೆಗೆದಿಟ್ಟುಕೊಳ್ಳಬಾರದಾ ಅಂತ ಕೇಳಿದಳು.

ಈ ಕೆಳಗಿನ ಮನೆಯ ಅಜ್ಜಿಯ ವಿಷಯ ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ. ನಿನಗಿಂತ ಐದಾರು ವರ್ಷ ದೊಡ್ಡವರು. ಎರಡೂ ಮಂಡಿ ಮಾಡಿಸಿಕೊಂಡಿದ್ದಾರೆ. ಗೊತ್ತಾಯಿತಾ, ಎರಡೂ! ಊರ ಹೊರಗೆ ಅವರದೊಂದು ತೋಟ ಇದೆ. ತೋಟ ಅಂದರೆ ನಮ್ಮ ತೆಂಗಿನ ತೋಟ ಅಲ್ಲ. ಇಲ್ಲಿ ಊರಿನ ಅಂಚಿನಲ್ಲಿ ಜಾಗವನ್ನು ತುಂಡು ತುಂಡು ಮಾಡಿ ಮನೆಯವರಿಗೆ ಗುತ್ತಿಗೆಗೆ ಕೊಡುತ್ತಾರೆ. ಒಂದು ತುಂಡು 400 ಚದರ ಮೀಟರ್ ದಾಟಬಾರದು, ಒಳಗೆ ಗುಡಿಸಲು ಕಟ್ಟಿದರೆ 24 ಚದರ ಮೀಟರ್ ದಾಟಬಾರದು ಅಂತ 1983ರ ಕಾನೂನಿದೆ. ಬರೀ ಹೂವಿನ ಗಿಡ, ಹುಲ್ಲು ಬೆಳೆಸಿಕೊಂಡು ಕೂತರೆ ಸಂಘದವರು ಬಿಡಲ್ಲ, ಹಣ್ಣು ತರಕಾರಿ ಬೆಳೆಯಲೇಬೇಕು. ಹಕ್ಕಿಮನೆಯಷ್ಟು ಗುಡಿಸಲಿಗೂ ಕಿಟಕಿಗೆ ಕಸೂತಿ ಪರದೆ ಹಾಕಿ ಕೂತಿರುತ್ತಾರೆ. ನೋಡಿದರೆ ನಗು ಬರುತ್ತದೆ, ಆಮೇಲೆ ಆಸೆಯೂ ಆಗುತ್ತದೆ.

ಅಜ್ಜಿ ಆ ತೋಟದಲ್ಲಿ ಬಗ್ಗುವುದಿಲ್ಲ. ಮಂಡಿ ಮಾಡಿಸಿದ ಮೇಲೆ ನೆಲದ ಪಾತಿ ಬಿಟ್ಟರು. ಮರದ ಹಲಗೆಯಲ್ಲಿ ಸೊಂಟದ ಎತ್ತರಕ್ಕೆ ದೊಡ್ಡ ಪೆಟ್ಟಿಗೆ ಕಟ್ಟಿಸಿ, ತಳಕ್ಕೆ ಕಡ್ಡಿ, ಮೇಲೆ ಒಣಗಿದ ಎಲೆ, ಅದರ ಮೇಲೆ ಗೊಬ್ಬರ, ಮಣ್ಣು ತುಂಬಿಸಿದ್ದಾರೆ. ನಿಂತುಕೊಂಡೇ ಬಿತ್ತುತ್ತಾರೆ, ನಿಂತುಕೊಂಡೇ ಕೀಳುತ್ತಾರೆ. ನವಿಲುಕೋಸು ಬೆಳೆಯುತ್ತಾರೆ! ಇಲ್ಲಿಯವರು ಅದನ್ನು ಹಸಿಯಾಗಿಯೇ ಹೆಚ್ಚಿಕೊಂಡು ಉಪ್ಪು ಹಾಕಿ ತಿನ್ನುತ್ತಾರೆ. ನಮಗೂ ಕೊಟ್ಟರು, ಶ್ರುತಿ ಹುಳಿ ಮಾಡಿದಳು, ಒಂದು ಬಟ್ಟಲು ಕೆಳಗೆ ಕಳಿಸಿದಳು. ಖಾರ ಆಯಿತಂತೆ. ಬಟ್ಟಲು ಮಾತ್ರ ಖಾಲಿ ಬರಲಿಲ್ಲ, ಒಂದು ಹಿಡಿ ಸ್ಪೆಟ್ಸ್ಲೆ ಇತ್ತು.

ಈ ಸ್ಪೆಟ್ಸ್ಲೆ ಇಲ್ಲಿಯ ಶಾವಿಗೆ. ಮೈದಾ ಮೊಟ್ಟೆ ಕಲಸಿ ಒರಳಿನಲ್ಲಿ ಒತ್ತಿ ಕುದಿಯುವ ನೀರಿಗೆ ಬಿಡುತ್ತಾರೆ. ಬೇಳೆ ಬೇಯಿಸಿ ಅದರ ಜೊತೆ ತಿನ್ನುತ್ತಾರೆ. ಒರಳು ನೋಡಿ ಶ್ರುತಿ ಕುಣಿದಾಡಿದಳು. ಕೇಳಿ ತಂದು ಒತ್ತು ಶಾವಿಗೆ ಮಾಡಿದಳು. ತೂತು ದೊಡ್ಡದು, ಶಾವಿಗೆ ದಪ್ಪ ಬಂತು. ಆದರೂ ಕಾಯಿಹಾಲು ಹಾಕಿಕೊಂಡು ಎಲ್ಲರೂ ತಿಂದೆವು. ಕಾಯಿ ವಿಷಯ ಮಾತ್ರ ಕೇಳಬೇಡ. ತಿಪಟೂರಿನವನು ಇಲ್ಲಿ ಕಾಯಿ ಒಡೆದು, ಕೆಟ್ಟಿದೆ ಅಂತ ಬಿಸಾಡಿ, ಡಬ್ಬದ ಹಾಲು ತರುತ್ತಾನೆ ಅಂತ ಮಂಡಿಯ ಹತ್ತಿರ ಯಾರಿಗೂ ಹೇಳಬೇಡ. ನಾನು ಹೇಳಿದ್ದು ಕೊಬ್ಬರಿ ಮಂಡಿ!

ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಸೊಂಟದೆತ್ತರದ ಪಾತಿ ನೋಡಿದ ದಿನ ರಾತ್ರಿ ನಾನೂ ಶ್ರುತಿಯೂ ಕೂತು ನಿನ್ನ ದಿನದ ಕೆಲಸಗಳನ್ನೆಲ್ಲ ನೆನೆಸಿಕೊಂಡೆವು. ಯಾವುದಕ್ಕೆ ನೆಲ ಬೇಕು, ಯಾವುದಕ್ಕೆ ಬೇಡ ಅಂತ. ಬತ್ತಿ ಹೊಸೆಯುವುದಕ್ಕೆ ಕುರ್ಚಿ ಸಾಕು, ತೊಡೆ ಇದ್ದರಾಯಿತು. ಹೂ ಕಟ್ಟುವಾಗ ನೀನು ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸುತ್ತೀಯ. ಕುರ್ಚಿಯ ಕೈಗೆ ಸಿಕ್ಕಿಸಿದರೆ ಹೂವಿಗೆ ಏನು ಗೊತ್ತಾಗುತ್ತದೆ? ಈಳಿಗೆಮಣೆ ಬಿಡಬೇಕಾಗುತ್ತದೆ, ಅದು ನಿಜ, ಚಾಕು ಕಲಿ. ಕೌದಿ ಹೊಲಿಯುವುದಕ್ಕೆ ಮಂಚ ಇದೆ, ಹರಡಿಕೊಂಡು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರೆ ಆಯಿತು. ಉಳಿದದ್ದು ರಂಗೋಲಿ ಒಂದೇ. ಒಂದಕ್ಕೋಸ್ಕರ ಎರಡೂ ಕಾಲು ಬಿಡುತ್ತೀಯಾ?

ಅದಕ್ಕೂ ದಾರಿ ಇದೆ. ಬಾಗಿಲ ಎಡಗಡೆ ಬಾಡಿಗೆಯವರು ಸ್ಕೂಟರ್ ನಿಲ್ಲಿಸುತ್ತಾರಲ್ಲ, ಆ ಜಾಗ ನಮಗೆ ಬೇಕು. ಗಾರೆಯವರನ್ನು ಕರೆಸಿ ಎರಡು ಇಟ್ಟಿಗೆ ಕಂಬ ಎತ್ತಿಸಿ. ಮೇಲೆ ಒಂದು ಕಡಪಾ ಕಲ್ಲು, ಮೂರಡಿಗೆ ಮೂರಡಿ. ನಿನ್ನ ಸೊಂಟದ ಎತ್ತರ ಅಳೆದೇ ಕಟ್ಟಬೇಕು, ಅವರ ಅಂದಾಜಿಗೆ ಬಿಡಬೇಡಿ. ಪಾಲಿಶ್ ಮಾಡಿಸಬೇಡಿ. ನುಣುಪಾದರೆ ಪುಡಿ ನಿಲ್ಲಲ್ಲ, ಗಾಳಿಗೆ ಹಾರುತ್ತದೆ. ಒರಟು ಮುಖವೇ ಮೇಲಿರಲಿ. ನೀರು ಹಾಕಿ ತೊಳೆದರೆ ಗಿಡದ ಕಡೆ ಹರಿಯುವ ಹಾಗೆ ಸ್ವಲ್ಪ ವಾಟ ಕೊಡಲು ಹೇಳಿ. ಕಪ್ಪು ಕಲ್ಲಿನ ಮೇಲೆ ಬಿಳಿ ಎಳೆ ಹೇಗೆ ಎದ್ದು ಕಾಣುತ್ತದೆ ಯೋಚನೆ ಮಾಡು! ಸುತ್ತ ಕೆಮ್ಮಣ್ಣಿನ ಅಂಚು ಬೇಕಾದರೂ ಕೊಡು. ನಿಂತು ಬೇಜಾರಾದರೆ ಎತ್ತರದ ಸ್ಟೂಲು ಹಾಕಿಕೋ. ಇನ್ನು ಸ್ಕೂಲು ಹುಡುಗಿಯರು ಬಗ್ಗಿ ನೋಡಬೇಕಾಗಿಲ್ಲ, ಗೇಟಿನಿಂದಲೇ ಕಾಣುತ್ತದೆ.

ತುಳಸಿ ಕಟ್ಟೆಯೂ ಎತ್ತರದಲ್ಲೇ ಇದೆ. ಕಾರ್ತಿಕದಲ್ಲಿ ಕಟ್ಟೆಯ ಸುತ್ತ ನೆಲದ ಮೇಲೆ ಹಾಕುತ್ತಿದ್ದುದನ್ನು ಕಟ್ಟೆಯ ಮೇಲೆಯೇ ಹಾಕು. ತುಳಸಿಯಮ್ಮ ಬೇಡ ಅನ್ನುತ್ತಾಳಾ?

ಹೊಸ್ತಿಲು ನೆಲದಲ್ಲೇ ಇರುತ್ತದಲ್ಲ ಅಂತ ನೀನು ಕೇಳುತ್ತೀಯ, ಗೊತ್ತು. ಹೊಸ್ತಿಲಿಗೆ ಎರಡೆಳೆ ಅಪ್ಪ ಎಳೆಯಲಿ. ಬೋರ್ಡಿನ ಮೇಲೆ ಕೈಬೀಸಿ ಇಂಡಿಯಾ ಮ್ಯಾಪ್ ಬರೆಯುತ್ತಿದ್ದವರು, ಶ್ರೀಲಂಕಾವನ್ನೂ ಬಿಡದೆ. ಎರಡು ಗೆರೆ ಎಳೆಯೋದಕ್ಕೆ ಆಗಲ್ವಾ? ನಾಚಿಕೆಯಾದರೆ ಬೀದಿ ಏಳುವುದಕ್ಕೆ ಮೊದಲೇ ಎಳೆದುಬಿಡಲಿ. ತೂತಿನ ಅಚ್ಚು, ಸ್ಟಿಕ್ಕರ್, ಇವುಗಳ ಮಾತು ನಿನ್ನ ಹತ್ತಿರ ಎತ್ತಲ್ಲ. ನನಗೂ ಮಾನ ಇದೆ.

ಈಗ ಉಳಿದ ಅನುಮಾನಗಳು. ನಾಗರತ್ನತ್ತೆಯ ಮಂಡಿ ಕತೆ ನೀನು ಹೇಳುವ ಮೊದಲೇ ಹೇಳುತ್ತೇನೆ. ಅವರದ್ದು ಆಪರೇಷನ್ ಕೆಟ್ಟದ್ದಲ್ಲ. ಫಿಸಿಯೋಥೆರಪಿ ಹುಡುಗಿ ಮನೆಗೆ ಬಂದರೆ ಅವಳಿಗೆ ಉಪ್ಪಿಟ್ಟು ಕೊಟ್ಟು, ನೋವು ಅಂತ ವಾಪಸ್ ಕಳಿಸುತ್ತಿದ್ದರು. ಕಾಲು ಮಡಚದೆ ಬಿಟ್ಟರೆ ಹಾಗೇ ಗಟ್ಟಿಯಾಗುತ್ತದೆ. ನಿನ್ನ ಹುಡುಗಿಗೂ ಉಪ್ಪಿಟ್ಟು ಕೊಡು, ಆದರೆ ವ್ಯಾಯಾಮ ಆದ ಮೇಲೆ. ಸಾಮಾನ್ಯವಾಗಿ ಮಾರನೇ ದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಹೊಸ ಮಂಡಿ 15-20 ವರ್ಷ ಬಾಳಿಕೆ ಬರುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಅಂತ ಹೇಳುತ್ತಾರೆ, ಅದು ನಿಜವೇ. ನಾನು ಸುಳ್ಳು ಹೇಳಿ ಒಪ್ಪಿಸಲ್ಲ. ಆದರೆ ಈಗ ನೀನು ಕೂರುತ್ತಿದ್ದೀಯಾ? ಈಗಲೂ ಕೂರಲಿಕ್ಕೆ ಆಗುತ್ತಿಲ್ಲ, ರಾತ್ರಿ ನಿದ್ದೆಯೂ ಇಲ್ಲ, ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿಯುತ್ತೀಯ ಅಂತ ಅಪ್ಪ ಬರೆದಿದ್ದಾರೆ. ನೆಲ ಆಗಲೇ ಹೋಗಿದೆ ಅಮ್ಮ. ನಡೆಯುವುದನ್ನಾದರೂ ಉಳಿಸಿಕೊಳ್ಳೋಣ.

ದುಡ್ಡಿನ ಮಾತು ಅಪ್ಪನಿಗೆ. ಮಂಡಿಗೆ ಹಾಕುವ ಇಂಪ್ಲಾಂಟಿನ ಬೆಲೆಗೆ 2017ರಲ್ಲೇ ಕೇಂದ್ರ ಸರ್ಕಾರ ಮಿತಿ ಹಾಕಿದೆ, ಬಾಯಿಗೆ ಬಂದ ರೇಟು ಹೇಳುವ ಹಾಗಿಲ್ಲ. ಬಿಲ್ಲಿನಲ್ಲಿ ಇಂಪ್ಲಾಂಟ್ ಎಷ್ಟು, ಆಸ್ಪತ್ರೆಯದ್ದು ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಲಿ. ಉಳಿದದ್ದು ನನಗೆ ಬಿಡಲಿ. ಎಫ್‌ಡಿ ಮುರಿಸಬೇಡಿ. ನಮಗೆ ಇಲ್ಲಿ ಏನೂ ಕಷ್ಟ ಇಲ್ಲ. ನಿಜವಾಗಿ ಇಲ್ಲ. ಶ್ರುತಿಯೂ ಅದನ್ನೇ ಹೇಳಲು ಹೇಳಿದಳು, ನಾವು ಆರಾಮಾಗಿದ್ದೇವೆ, ತುಂಬಾ ಆರಾಮಾಗಿದ್ದೇವೆ. ಕೆಳಗಿನ ಮನೆಯವರಿಗೆ ತೊಂದರೆ ಆಗಬಾರದು ಅಂತ ಭಾನುವಾರ ಮಿಕ್ಸಿಗೆ ಟವೆಲ್ ಸುತ್ತಿ ಚಟ್ನಿ ರುಬ್ಬುವುದೊಂದೇ ಕಷ್ಟ. ಇಲ್ಲಿ ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆಯುವ ಹಾಗಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಹಾಕುವ ಹಾಗಿಲ್ಲ, ಅಂಗಡಿ ಬಾಗಿಲೂ ತೆರೆಯಲ್ಲ. ಅದಕ್ಕೇ ನಿನಗೆ ಇಷ್ಟುದ್ದ ಕಾಗದ ಬರೆಯುವುದಕ್ಕೆ ಹೊತ್ತು ಸಿಕ್ಕಿದ್ದು.

ಆಪರೇಷನ್ ಸಮಯಕ್ಕೆ ನಾನು ಬರುತ್ತೇನೆ. ರಜ ಕೇಳಿದ್ದೇನೆ, ಸಿಗುತ್ತದೆ. ಅಕ್ಕ ತುಮಕೂರಿನಿಂದ ಬಂದು ಮೊದಲ ಹದಿನೈದು ದಿನ ಇರುತ್ತಾಳೆ, ಅವಳ ಹತ್ತಿರ ಮಾತಾಡಿದ್ದೇನೆ. ಅವಳು ಬೈಯುತ್ತಾ ಬಂದರೂ ಬರುತ್ತಾಳೆ.

ನಿನಗೆ ಒಂದು ಆಸೆ ತೋರಿಸುತ್ತೇನೆ. ಇಲ್ಲಿಗೆ ಬರಬೇಕಾದರೆ ಮಂಡಿ ಬೇಕೇ ಬೇಕು. ಈ ಊರು ಬಟ್ಟಲಿನಲ್ಲಿದೆ, ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ. ಹಿಂದೆ ತೋಟಕ್ಕೆ ಹತ್ತಲು ಕಟ್ಟಿದ ಮೆಟ್ಟಿಲ ದಾರಿಗಳು ಈಗ ಊರಿನೊಳಗೇ ಇವೆ, 400ಕ್ಕೂ ಜಾಸ್ತಿ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಪ್ಪನಿಗೂ ಒಂದು ಆಸೆ. ಟ್ಯೂಬಿಂಗನ್ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ. ನಮ್ಮ ಕಿಟ್ಟೆಲ್ ಸಾಹೇಬರು 1894ರಲ್ಲಿ ಕನ್ನಡ ನಿಘಂಟು ಮುಗಿಸಿ, ಕೊನೆಗಾಲ ಕಳೆದು, 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಅಪ್ಪ ಆ ನಿಘಂಟಿನ ದೂಳು ಒರೆಸುವಷ್ಟು ಪ್ರೀತಿಯಿಂದ ನಮ್ಮ ತಲೆ ಒರೆಸಿದ್ದು ನನಗೆ ನೆನಪಿಲ್ಲ. ಕರೆದುಕೊಂಡು ಹೋಗುತ್ತೇನೆ ಅಂತ ಹೇಳು. ಒಬ್ಬರನ್ನೇ ಅಲ್ಲ, ಜೋಡಿಯಾಗಿ ಬಂದರೆ ಮಾತ್ರ.

ಇವತ್ತಿಂದ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿದೆ. ಇನ್ನು ಮೇಲೆ ನಮಗೂ ನಿಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀನು ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದರೆ ನಮಗೆ ನಾಲ್ಕೂವರೆ, ಗಾಬರಿಯಾಗುತ್ತದೆ. ಹನ್ನೆರಡಾದ ಮೇಲೆ ಮಾಡು.

ಶ್ರುತಿ ಕೂಗುತ್ತಿದ್ದಾಳೆ. ಕನ್ನಡದವರೆಲ್ಲ ಸೇರಿ ದೀಪಾವಳಿ ಮಾಡುತ್ತಿದ್ದಾರೆ, ನಮ್ಮ ಪಾಲಿಗೆ ಕೋಸಂಬರಿ. ಸೌತೆಕಾಯಿ ಹೆಚ್ಚುವುದು ನನ್ನ ಕೆಲಸ, ಇನ್ನೂ ಮುಟ್ಟಿಲ್ಲ, ಟ್ರೇನಿಗೆ ಅರ್ಧ ಗಂಟೆ ಇದೆ. ಮಾತ್ರೆ ಬಿಡಬೇಡ. ಬಿಸಿನೀರಿನ ಚೀಲ ಬಳಸು. ಹಿಂದಿನ ಬಾಗಿಲ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಅಲ್ಲಿ ಓಡಾಡಲೇಬೇಡ. ಈ ವಾರವೇ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಸಿ ತಿಳಿಸು. ಗಾರೆಯವರಿಗೂ ಹೇಳಿಕಳಿಸು.

ಅಪ್ಪನಿಗೆ ನಮಸ್ಕಾರ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ತೆಗೆದು ಕಳಿಸಲು ಹೇಳು. ಕಳೆದ ಸಲ ಕಳಿಸಿದ್ದರಲ್ಲಿ ಬರೀ ಅವರ ಹೆಬ್ಬೆರಳು ಬಂದಿತ್ತು.

ನಿನ್ನ ಮಗ,
ರಾಘು